ಕಾಲು ನೆಲಕ್ಕೆ ತಾಗಬಾರದು

ಗಣರಾಜ್ಯೋತ್ಸವದ ಮಧ್ಯಾಹ್ನ ಕಾರಟಗಿಯ ಶಾಲಾ ಮೈದಾನವೊಂದರಲ್ಲಿ ನಡೆದ ನಿಧಾನ ಗಾಡಿ ಸ್ಪರ್ಧೆಗೆ ಒಂಬತ್ತು ಮಂದಿ ಹೆಸರು ಕೊಟ್ಟಿದ್ದರು. ಎಂಟು ಮೋಟರ್‌ಸೈಕಲ್, ಒಂದು ಸ್ಕೂಟರ್. ಸ್ಕೂಟರ್ ರೇಣುಕಾದೇವಿಯದು. ಆಕೆ ಊರಿನಿಂದ ಏಳು ಕಿಲೋಮೀಟರ್ ದೂರದ, ಕ್ಯಾಂಪ್ ಎಂದು ಕರೆಯುವ ಕಾಲುವೆ ಬದಿಯ ಪುಟ್ಟ ಹಳ್ಳಿಯಲ್ಲಿ ಅಂಗನವಾಡಿ ಶಿಕ್ಷಕಿ. ಮೋಟರ್‌ಸೈಕಲ್‌ಗಳಲ್ಲಿ ಒಂದು ಆಕೆಯ ಗಂಡ ಯಂಕೇಶನದು.

ಬಹುಮಾನ ಒಂದು ಸ್ಟೀಲ್ ಕೊಡ. ಗಂಡ ಹೆಂಡತಿಗೆ ಅದರ ಚಿಂತೆ ಇರಲಿಲ್ಲ. ಮನೆಯ ಎರಡೂ ಗಾಡಿ ಕೊಟ್ಟು ಒಂದು ದೊಡ್ಡ ಮೋಟರ್‌ಸೈಕಲ್ ತರುವುದೆಂದು ಯಂಕೇಶ ತೀರ್ಮಾನಿಸಿದ್ದ. ಸೋಮವಾರ ಬರುವುದಾಗಿ ಗಂಗಾವತಿಯ ಶೋರೂಮಿಗೆ ಹೇಳಿಯೂ ಆಗಿತ್ತು.

"ದಿನಾ ನಾನ ಬಿಟ್ಟ ಬರ್ತೀನಿ, ನಾನ ಕರ್ಕೊಂಡ ಬರ್ತೀನಿ. ನಿನಗೇನ ತ್ರಾಸು?" ಎಂದಿದ್ದ.

"ನೀವು ಬಿಡೂದು ಸಾಲಿ ಸುರು ಆದಮ್ಯಾಲ, ಕರ್ಕೊಂಡ ಬರೂದು ನೆನಪಾದಾಗ. ಸ್ಕೂಟರ್ ಬರೂಕಿಂತ ಮುಂಚೆ ಮೂರು ವರ್ಷ ನೋಡೀನಲ್ಲ."

ವಾದ ಒಂದು ವಾರ ನಡೆಯಿತು. ಸ್ಪರ್ಧೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಯಂಕೇಶ ನಕ್ಕು ಹೇಳಿದ: "ಸ್ಕೂಟರ್ ಅಂದ್ರ ಆಟದ ಸಾಮಾನು. ಮೈದಾನಕ್ಕ ಬಾ, ತೋರಸ್ತೀನಿ. ನೀ ಗೆದ್ರ ಅದು ನಿನ್ನ ಕಡೇನ ಇರ್ಲಿ. ನಾ ಗೆದ್ರ ಸೋಮವಾರ ಗಂಗಾವತಿ."

"ಮಾತು ತಪ್ಪಬ್ಯಾಡ್ರಿ ಮತ್ತ," ಎಂದಳು ರೇಣುಕಾದೇವಿ.

ನಿಯಮ ಸರಳ. ಮೂವತ್ತು ಮೀಟರ್ ದೂರ. ಎರಡು ಸುಣ್ಣದ ಗೆರೆಗಳ ನಡುವೆಯೇ ಸಾಗಬೇಕು. ಎಂಜಿನ್ ಆರಬಾರದು, ಕಾಲು ನೆಲಕ್ಕೆ ತಾಗಬಾರದು. ಯಾರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೋ ಅವರೇ ಗೆದ್ದಂತೆ. ಸೀಟಿ ಮತ್ತು ಸಮಯ ದೈಹಿಕ ಶಿಕ್ಷಕ ಸಿದ್ದಲಿಂಗೇಶ ಅವರದು. ಮೈಕ್ ಹಿಡಿದಿದ್ದವನು ಗ್ಯಾರೇಜಿನ ಜಾಕೀರ.

"ಮೋಟರ್‌ಸೈಕಲ್‌ಗೆ ಎಡಗೈಯಾಗ ಕ್ಲಚ್ ಐತ್ರಿ," ಎಂದು ಜಾಕೀರ ಶುರು ಮಾಡಿದ. "ಅರ್ಧ ಹಿಡದ್ರ ಗಾಡಿ ಇರುವಿ ಹಂಗ ಹೋಗತೈತಿ. ಸ್ಕೂಟರ್‌ಗೆ ಅಲ್ಲಿ ಬ್ರೇಕ್ ಐತಿ. ಹಿಡದ್ರ ನಿಲ್ತೈತಿ, ಬಿಟ್ರ ಓಡತೈತಿ. ನಡುವ ಏನೂ ಇಲ್ರಿ. ಟೀಚರ್ ಧೈರ್ಯ ಮೆಚ್ಚಬೇಕು!"

ಮೊದಲ ಸುತ್ತಿನಲ್ಲಿ ಒಬ್ಬೊಬ್ಬರೇ ಓಡಿಸಿದರು. ಐವರು ಕಾಲೂರಿ ಹೊರಬಿದ್ದರು. ಯಂಕೇಶ ಐವತ್ತೆರಡು ಸೆಕೆಂಡ್ ತೆಗೆದುಕೊಂಡ. ರೇಣುಕಾದೇವಿಯ ಸ್ಕೂಟರ್ ಎರಡು ಸಲ ವಾಲಿತು, ಒಮ್ಮೆ ಗೆರೆಯ ಅಂಚಿಗೇ ಹೋಯಿತು. ಹೇಗೋ ನಲವತ್ತೊಂದು ಸೆಕೆಂಡ್. ಉಳಿದಿಬ್ಬರು ಅದಕ್ಕೂ ಕಡಿಮೆ ಹೊತ್ತಿನಲ್ಲಿ ಕೊನೆ ಮುಟ್ಟಿದ್ದರಿಂದ ಇಬ್ಬರ ಅಂತಿಮ ಸುತ್ತಿಗೆ ಗಂಡ ಹೆಂಡತಿಯೇ ಉಳಿದರು. ಮೈದಾನದಲ್ಲಿ ಶಿಳ್ಳೆ ಎದ್ದಿತು.

ರೇಣುಕಾದೇವಿ ಸ್ಕೂಟರ್ ನಿಲ್ಲಿಸಿ ಯೋಚಿಸಿದಳು. ದಿನಾ ಓಡಿಸುವ ಗಾಡಿ ಇವತ್ತು ಯಾಕೆ ಬೇರೆಯವರದರ ಹಾಗೆ ಆಡುತ್ತಿದೆ? ಕಾಲ ಬಳಿ ನೋಡಿದಾಗ ಗೊತ್ತಾಯಿತು. ಅಲ್ಲಿ ಏನೂ ಇರಲಿಲ್ಲ.

ಕ್ಯಾಂಪಿನ ಮಕ್ಕಳಿಗೆ ಮೊಟ್ಟೆ ಒಯ್ಯುವವಳು ಆಕೆಯೇ. ಕಾಲಿಡುವ ಜಾಗದಲ್ಲಿ ನಾಲ್ಕು ಟ್ರೇ ಒಂದರ ಮೇಲೊಂದು ಕಟ್ಟಿ, ಪಾದಗಳನ್ನು ಎರಡೂ ಅಂಚಿಗೆ ಊರಿ ಕೂರುತ್ತಾಳೆ. ಭತ್ತದ ಕೊಯ್ಲು ಮುಗಿದ ಮೇಲೆ ಕುಷ್ಟಗಿ ಕಡೆಯ ಕುರಿಗಾರರು ಮಂದೆಗಳೊಂದಿಗೆ ಈ ಕಡೆ ಬರುತ್ತಾರೆ. ಕ್ಯಾಂಪಿಗೆ ಹೋಗುವ ಕಾಲುವೆ ದಾರಿ ಕಿರಿದು. ಮೋಟರ್‌ಸೈಕಲ್‌ನವರು ಹಾರ್ನ್ ಹೊಡೆದು ಕುರಿ ಚದುರಿಸಿ ನುಗ್ಗುತ್ತಾರೆ. ನೂರಿಪ್ಪತ್ತು ಮೊಟ್ಟೆ ಇಟ್ಟುಕೊಂಡವಳು ನುಗ್ಗುವಂತಿಲ್ಲ. ಹೀಗೆ ಎರಡು ಚಳಿಗಾಲ ಆಕೆ ಕುರಿಗಳ ಹಿಂದೆ, ಕುರಿಗಳ ವೇಗದಲ್ಲೇ ಹೋಗಿದ್ದಳು.

ಮರುದಿನದ ಮೊಟ್ಟೆ ಅಂದು ಬೆಳಿಗ್ಗೆಯೇ ಕೊಂಡಿದ್ದಳು. ಎದುರಿನ ಅಂಗಡಿಯಲ್ಲಿ ಇಟ್ಟಿದ್ದ ಟ್ರೇಗಳನ್ನು ತಂದು ಗಾಡಿಗೆ ಕಟ್ಟತೊಡಗಿದಳು.

"ಏನಿದು ಟೀಚರ್?" ಎಂದರು ಸಿದ್ದಲಿಂಗೇಶ.

"ತತ್ತಿ ಸರ್. ಮುಂದ ಭಾರ ಇರಲಿಲ್ಲಂದ್ರ ನನಗ ಈ ಗಾಡಿ ಗುರುತ ಸಿಗೂದಿಲ್ಲ. ನಿಯಮದಾಗ ಬ್ಯಾಡ ಅಂತ ಐತೇನ್ರಿ?"

ಅವರು ನಿಯಮದ ಚೀಟಿಯನ್ನು ಎರಡು ಸಲ ಓದಿದರು. "ಇಲ್ಲ ಬಿಡ್ರಿ. ಯಂಕೇಶಪ್ಪ, ನೀವೂ ಬೇಕಾದ್ರ ಇಟ್ಕೋರಿ."

"ಎಲ್ಲಿ ಇಡ್ಲಿ ಸರ್, ತಲಿ ಮ್ಯಾಲ?" ಎಂದ ಯಂಕೇಶ. ಜನ ಗೊಳ್ಳೆಂದರು.

ಸಿದ್ದಲಿಂಗೇಶ ಸೀಟಿ ಊದಿದರು. ರೇಣುಕಾದೇವಿ ಬಲಗೈಯ ಎಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಹಿಡಿದಳು. ಎಡಗೈಯ ಬ್ರೇಕನ್ನು ಪೂರ್ತಿ ಬಿಡಲೂ ಇಲ್ಲ, ಪೂರ್ತಿ ಒತ್ತಲೂ ಇಲ್ಲ. ಎಂಜಿನ್ ಎಳೆಯುತ್ತಿತ್ತು, ಬ್ರೇಕ್ ತಡೆಯುತ್ತಿತ್ತು. ಗಾಡಿ ಎರಡರ ನಡುವೆ ತೆವಳಿತು. ಜಾಕೀರ ಮೈಕಿನಲ್ಲಿ ಮಾತು ನಿಲ್ಲಿಸಿ ಬಗ್ಗಿ ನೋಡಿದ. "ನಡುವ ಐತ್ರಿ," ಎಂದು ಒಪ್ಪಿಕೊಂಡ.

ಪಕ್ಕದಲ್ಲೇ ಎಳೆದಿದ್ದ ಇನ್ನೊಂದು ಜೋಡಿ ಗೆರೆಗಳ ನಡುವೆ ಯಂಕೇಶನೂ ಚೆನ್ನಾಗಿಯೇ ಓಡಿಸುತ್ತಿದ್ದ. ಐವತ್ತೆಂಟನೆಯ ಸೆಕೆಂಡಿಗೆ ಇಪ್ಪತ್ತಾರು ಮೀಟರ್ ಮುಟ್ಟಿದ್ದ, ಹೆಂಡತಿ ಇಪ್ಪತ್ತೊಂದರಲ್ಲಿದ್ದಳು. ಮೊಟ್ಟೆಯೇನಾದರೂ ಒಡೆದಿದೆಯೇ ಎಂದು ಅವನು ತಿರುಗಿ ನೋಡಿದ. ಮುಂದಿನ ಗಾಲಿ ತುಸು ಎಡಕ್ಕೆ ಹೊರಳಿತು. ಹದಿನಾರು ವರ್ಷ ಗೇರ್ ಹಾಕಿದ ಎಡಗಾಲು ತಾನಾಗಿಯೇ ನೆಲಕ್ಕಿಳಿಯಿತು.

ಸೀಟಿ. ಸ್ಪರ್ಧೆ ಅಲ್ಲಿಗೇ ಮುಗಿದಿತ್ತು. ರೇಣುಕಾದೇವಿ ಮಾತ್ರ ನಿಲ್ಲಿಸಲಿಲ್ಲ, ಉಳಿದ ದೂರವನ್ನೂ ಅದೇ ವೇಗದಲ್ಲಿ ಮುಗಿಸಿದಳು. ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡ್. ಸಿದ್ದಲಿಂಗೇಶ ಟ್ರೇ ಬಿಚ್ಚಿಸಿ ನೋಡಿದರು: ಒಂದು ಮೊಟ್ಟೆಯೂ ಬಿರುಕು ಬಿಟ್ಟಿರಲಿಲ್ಲ.

ಯಂಕೇಶ ಮೈದಾನದಿಂದಲೇ ಗಂಗಾವತಿಗೆ ಫೋನ್ ಮಾಡಿದ. "ಇಲ್ರಿ, ಸೋಮವಾರ ಬರೂದಿಲ್ಲ. ಯಾಕಂದ್ರ... ಮನ್ಯಾಗ ಒಪ್ಪಲಿಲ್ರಿ."

"ಸೋತೆ ಅಂತ ಹೇಳ್ರಿ," ಎಂದಳು ಕೊಡ ಹಿಡಿದು ನಿಂತಿದ್ದ ಹೆಂಡತಿ.

"ಸೋತೇನ್ರಿ," ಎಂದ ಅವನು ಫೋನಿಗೆ, ನಗುತ್ತಲೇ.

ಮರುದಿನ ಬೆಳಿಗ್ಗೆ ಯಂಕೇಶ ಹೊಲಕ್ಕೆ ಹೊರಟ. ಅದಕ್ಕೂ ಕಾಲುವೆ ದಾರಿಯೇ. ಮುಂದೆ ಸ್ಕೂಟರ್, ಅದರ ಮುಂದೆ ಕುರಿಮಂದೆ. ಹಾರ್ನಿನ ಮೇಲೆ ಹೋಗಿದ್ದ ಹೆಬ್ಬೆರಳನ್ನು ಹಿಂದಕ್ಕೆ ತೆಗೆದು, ಅರ್ಧ ಕ್ಲಚ್ ಹಿಡಿದು ಹೆಂಡತಿಯ ಹಿಂದೆ ಸಾಗಿದ. ಸೇತುವೆ ಬರುವಷ್ಟರಲ್ಲಿ ಮೂರು ಸಲ ಕಾಲೂರಿದ್ದ.

ಮಂದೆಯ ಹಿಂದೆ ನಡೆಯುತ್ತಿದ್ದ ಕುರಿಗಾರ ಹೆಂಗಸು ಹುಲಗಮ್ಮ ತಿರುಗಿ ನೋಡಿದಳು.

"ಟೀಚರ್, ಹಿಂದಿನವ್ರ ಗಾಡಿ ಕೆಟ್ಟೈತೇನ್ರಿ? ಹಾರ್ನ್ ಕೇಳವಲ್ದು."

"ಗಾಡಿ ಛಲೋ ಐತಿ ಹುಲಗಮ್ಮ," ಎಂದಳು ರೇಣುಕಾದೇವಿ. "ಕಲಿಯಾಕ ಹತ್ಯಾರ."