ಏಳು ಫೋನುಗಳ ಮಧುಸೂದನ್

ಮಧುಸೂದನ್ ನಡೆದು ಬಂದರೆ ಮೊದಲು ಕೇಳಿಸುವುದು ಅವರ ಕೋಟಿನ ಸದ್ದು. ಇಲ್ಫರ್ಡಿನ ಯಾವುದೋ ಅಂಗಡಿಯಲ್ಲಿ ಕೊಂಡ ಆ ಬೂದು ಕೋಟಿನ ಜೇಬುಗಳಲ್ಲಿ ಸದಾ ಏಳು ಹಳೆಯ ಫೋನುಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿರುತ್ತವೆ: ಅಂಗೈಯಗಲದ್ದು, ಗಾಜು ಬಿರಿದದ್ದು, ಅಡ್ಡ ಹಿಡಿದರೆ ಮಾತ್ರ ಬುದ್ಧಿ ಬರುವಂಥದ್ದು. ವೆಬ್ ಪುಟಗಳನ್ನು ವಿನ್ಯಾಸ ಮಾಡುವ, ಮೈಸೂರಿನಿಂದ ವಿಲಾಯತಿಗೆ ಬಂದ ಈ ಮನುಷ್ಯನಿಗೆ ಕಂಪ್ಯೂಟರು ತೋರಿಸುವ ಮಾದರಿ ಪರದೆಗಳ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ; ಏಳೂ ಫೋನುಗಳಲ್ಲಿ ನೆಟ್ಟಗೆ ನಿಲ್ಲುವವರೆಗೆ ಯಾವ ಪುಟವನ್ನೂ ಲೋಕಕ್ಕೆ ಬಿಡುವವರಲ್ಲ. ಸಿಕ್ಕವರ ಮುಖದ ಮುಂದೆ ಒಂದನ್ನು ಹಿಡಿದು "ಕಾಣ್ಸುತ್ತಾ?" ಎಂದು ಕೇಳುವ ಚಾಳಿಯಿಂದಾಗಿ ರೈಲಿನಲ್ಲಿ ಅವರ ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿ.

ಇಷ್ಟು ನಿಷ್ಠೆಯ ನಡುವೆ ಒಂದು ದೌರ್ಬಲ್ಯ, ಹಿನ್ನೆಲೆಯ ಚಿತ್ರ. ಪಾರ್ಕ್ ರಾಯಲ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಆಸ್ಪತ್ರೆಗಳಿಗೆ ಊಟ ತಯಾರಿಸುವ ಕಾರ್ಖಾನೆಯೊಂದರ ಕೆಲಸಗಾರರು ಮುಂದಿನ ವಾರದ ಪಾಳಿಯನ್ನು ಒಪ್ಪಿಕೊಳ್ಳುವ ಪುಟಕ್ಕಾಗಿ, ನಾಲ್ಕು ಭಾನುವಾರ ಥೇಮ್ಸ್ ದಂಡೆಯಲ್ಲಿ ನಡುಗುತ್ತ ನಿಂತು ಸೂರ್ಯೋದಯವನ್ನು ಸೆರೆಹಿಡಿದಿದ್ದರು. ಮೇಲೆ ಹೊಳೆಯುವ ಆಕಾಶ, ಕೆಳಗೆ ಕಪ್ಪು ನೀರು, ನೀರಿನ ಮೇಲೆ ಬಿಳಿಯ ಅಕ್ಷರ. ಕೂಸನ್ನು ತೋರಿಸುವಂತೆ ಆಫೀಸಿನವರಿಗೆಲ್ಲ ತೋರಿಸಿದ್ದರು.

ಪುಟ ತೆರೆಯಬೇಕಿದ್ದದ್ದು ಶುಕ್ರವಾರ ನಾಲ್ಕಕ್ಕೆ. ಅರ್ಧ ಗಂಟೆಯೊಳಗೆ ಒಪ್ಪಿಗೆಯ ಬಟನ್ ಒತ್ತದವರ ಪಾಳಿ ಬೇರೆಯವರ ಪಾಲಾಗುತ್ತದೆ. ಮೂರೂ ನಲವತ್ತಕ್ಕೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ, ತರಕಾರಿ ಹೆಚ್ಚುವ ವಿಜಯಪುರದ ಪಾರ್ವತೆವ್ವನವರ ಫೋನಿನಲ್ಲಿ ಕೊನೆಯ ಪರೀಕ್ಷೆಗೆಂದು ಪುಟ ತೆರೆದುಕೊಟ್ಟರು.

ಪಾರ್ವತೆವ್ವ ಕಣ್ಣು ಕಿರಿದು ಮಾಡಿದರು. "ಏನೂ ಕಾಣವಲ್ದರಿ ಅಣ್ಣಾರ. ಬರೇ ಬೆಳಕ ಐತಿ."

ಸೋತ ಕಣ್ಣಿಗೆ ಅನುಕೂಲವಾಗಲೆಂದು ಆಕೆ ಫೋನಿನ ಅಕ್ಷರಗಳನ್ನೆಲ್ಲ ದೊಡ್ಡದು ಮಾಡಿಸಿಕೊಂಡಿದ್ದರು. ದೊಡ್ಡದಾದ ಬಿಳಿಯ ಅಕ್ಷರಗಳು ಸಾಲು ಮುರಿದು, ಮೇಲಕ್ಕೆ ಉಬ್ಬಿ, ಒಪ್ಪಿಗೆಯ ಬಟನ್ ಸಮೇತ ಹೊಳೆಯುವ ಆಕಾಶದಲ್ಲಿ ಕರಗಿಹೋಗಿದ್ದವು. ಏಳು ಫೋನು ಹೊತ್ತು ತಿರುಗಿದ ಮಹಾಶಯರು, ತಾವು ಕನ್ನಡಕ ಏರಿಸಿ ಓದುವವರಾದ್ದರಿಂದ, ಅಕ್ಷರವನ್ನೇ ಹಿಗ್ಗಿಸಿಕೊಳ್ಳುವವರನ್ನು ಮರೆತುಬಿಟ್ಟಿದ್ದರು.

ವಿಷಯವನ್ನು ತಮ್ಮ ಆಫೀಸಿಗೆ ಮೆಸೇಜ್ ಮಾಡುತ್ತಲೇ ಮ್ಯಾನೇಜರ್ ಸಿರಿಶಾರ ಫೋನು. "ಸರ್, ಪ್ಲೀಸ್, ಈಗ ಏನೂ ಚೇಂಜ್ ಮಾಡ್ಬೇಡಿ. ನೂರರಲ್ಲಿ ತೊಂಬತ್ತೆಂಟು ಜನಕ್ಕೆ ಚೆನ್ನಾಗೇ ಬರತ್ತೆ."

"ಉಳಿದ ಇಬ್ರಲ್ಲಿ ಒಬ್ರು ನನ್ನೆದುರಿಗೇ ಕೂತಿದಾರಮ್ಮ."

ಅಕ್ಷರದ ಹಿಂದೆ ಕಪ್ಪು ಪಟ್ಟಿ ಕೊಡಬಹುದಿತ್ತು. ಅದು ಚಿತ್ರದ ಮೇಲೆ ಎಲ್ಲೆಲ್ಲಿ ಹೇಗೆ ಕೂರುತ್ತದೆಂದು ಏಳು ಫೋನುಗಳಲ್ಲಿ ನೋಡಲು ಸಮಯವಿರಲಿಲ್ಲ, ನೋಡದೆ ಬಿಡುವುದು ಅವರ ಜಾಯಮಾನವಲ್ಲ. ಗಡಿಯಾರದಲ್ಲಿ ಮೂರೂ ಐವತ್ತಮೂರು. ಲ್ಯಾಪ್‌ಟಾಪ್ ತೆರೆದರು. ಅವರಿಗೆ ನಿಜಕ್ಕೂ ಅಳು ಬಂತು. ಆಮೇಲೆ ಥೇಮ್ಸ್, ಸೂರ್ಯ, ನಾಲ್ಕು ಭಾನುವಾರ ಎಲ್ಲವನ್ನೂ ಅಳಿಸಿ, ಯಾವ ಫೋನಿನಲ್ಲೂ ಕೆಡದ ಸಾದಾ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಇಟ್ಟರು.

ನಾಲ್ಕಕ್ಕೆ ಪುಟ ತೆರೆಯಿತು. ಪಾರ್ವತೆವ್ವ ಬಟನ್ ಒತ್ತಿ, "ಹಾಂ, ಬಂತ್ರಿ," ಎಂದು ಎದ್ದು ಕೆಲಸಕ್ಕೆ ಹೊರಟೇಬಿಟ್ಟರು. ಚಿತ್ರ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಅಲ್ಲೊಂದು ಚಿತ್ರವಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಮಧುಸೂದನ್‌ರಂಥವರಿಗೆ ತಮ್ಮ ಕೆಲಸದ ಮೇಲೆ ಅಭಿಮಾನ ಕಡಿಮೆಯೆಂದು ತಿಳಿಯಬಾರದು. ಕೈಯಾರೆ ಮಾಡಿದ್ದರ ಮೇಲೆ ಅವರಿಗೆ ನಮಗಿಂತ ವ್ಯಾಮೋಹ ಹೆಚ್ಚೇ. ಆದರೆ ಎದುರಿಗೆ ಕೂತವರು ತಮಗೆ ಏನೂ ಕಾಣುತ್ತಿಲ್ಲ ಎಂದಾಗ, ನಿಮ್ಮ ಕಣ್ಣೇ ಸರಿಯಿಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ.