ಕಾಲರಿನ ಒಳಗಿನ ಕೆಂಪು ದಾರ

ಅವತ್ತು ಬೆಳಗ್ಗೆ ಸೂರ್ಯ ಮುಖವನ್ನೇ ತೋರಿಸಲಿಲ್ಲ. ಜಿನುಗುಮಳೆಗೆ ಅಂಗಳದ ಹಗ್ಗದ ಮೇಲೆ ಮಂದಿಯ ಬಟ್ಟೆಗಳೆಲ್ಲ ಜೋತುಬಿದ್ದಿದ್ದವು. ಬಿಸಿಲು ಕೊಡದ ದೇವರು ಕೆಂಡವನ್ನಾದರೂ ಕೊಟ್ಟಿದ್ದಾನಲ್ಲ ಎಂದು ಕೈಮುಗಿದು, ಅಗಸಗಿತ್ತಿ ಇಸ್ತ್ರಿಪೆಟ್ಟಿಗೆ ತುಂಬಿದಳು. ಮ್ಯಾನೇಜರನ ಕೋಟು ಮಧ್ಯಾಹ್ನದ ಸಭೆಗೆ ಮುಂಚೆ ಕಚೇರಿಗೆ ತಲುಪಬೇಕಿತ್ತು.

ಅದೇ ಕಚೇರಿಯಲ್ಲಿ ಅವಳ ಮಗಳು ಹೊಸ ಗುಮಾಸ್ತೆ. ಕೋಟಿಲ್ಲದೆ ಬಂದಳೆಂದು ಮೊದಲ ದಿನ ಮ್ಯಾನೇಜರು ಬಾಗಿಲಲ್ಲೇ ನಿಲ್ಲಿಸಿದ್ದ. ತಾಯಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದರಲ್ಲಿ ಬಟ್ಟೆ ತಂದು ಕೋಟು ಹೊಲಿಸಿದಳು. ಮನೆಯಿಂದ ಹೊರಗೆ ಹೋಗುವ ಬಟ್ಟೆಗೆ ಗುರುತು ಹಾಕದೆ ಅವಳ ಕೈ ಸುಮ್ಮನಿರುತ್ತದೆಯೇ? ಬಟ್ಟೆ ಅದಲುಬದಲಾಗದಂತೆ ಒಂದೊಂದು ಮನೆಗೆ ಒಂದೊಂದು ದಾರದ ಗುರುತು. ತಮ್ಮ ಮನೆಗೇ ಇರಲಿಲ್ಲ. ಕಾಲರಿನ ಒಳಗೆ ಕೆಂಪು ದಾರದಲ್ಲಿ ಪುಟ್ಟ ಹೂವೊಂದನ್ನು ಹೊಲಿದುಬಿಟ್ಟಳು.

ಇಸ್ತ್ರಿಯಾದ ಕೋಟನ್ನೂ, ದಾರಿಯಲ್ಲಿ ಮ್ಯಾನೇಜರನ ಹಿತ್ತಿಲಿನಿಂದ ಎತ್ತಿಕೊಂಡ ಮೈಲಿಗೆ ಬಟ್ಟೆಯ ಗಂಟನ್ನೂ ಹೊತ್ತು ಅವಳು ಕಚೇರಿಗೆ ಬಂದಾಗ, ಮಗಳು ಅವನ ಕೋಣೆಯಲ್ಲಿ ಬರೀ ಅಂಗಿಯಲ್ಲಿ ನಿಂತಿದ್ದಳು. ಅವಳ ಕೋಟು ನೆಲದ ಮೇಲೆ ಬಿದ್ದಿತ್ತು. ಮ್ಯಾನೇಜರು ತಾಯಿಯತ್ತ ತಿರುಗಿದ.

"ಬಾರೇ, ಸರಿಯಾದ ಹೊತ್ತಿಗೆ ಬಂದೆ. ಕಾಲರ್ ತಿರುಗಿಸಿ ನೋಡಿದೆ. ಅಗಸರ ಗುರುತು! ಯಾರ ಮನೇದು ಎತ್ತಿ ಮಗಳಿಗೆ ತೊಡಿಸಿದೀಯಾ?"

"ಯಾರದೂ ಅಲ್ಲ ಸ್ವಾಮಿ. ನಮ್ಮನೇದು. ನಾನೇ ಹಾಕಿದ ಗುರುತು."

"ನಿಮ್ಮನೇದಕ್ಕೆ ಗುರುತು ಯಾಕೆ? ಕಳ್ಳಮುಂಡೇರಾ, ಊರವರ ಕೊಳೆ ತಿನ್ನೋ ಜನಕ್ಕೆ ಕೋಟು ಬೇರೆ ಕೇಡು!"

ಬಾಗಿಲಲ್ಲಿದ್ದ ಜವಾನ ಕಿಸಕ್ಕನೆ ನಕ್ಕ.

ಮಗಳು ಒಂದು ಹೆಜ್ಜೆ ಮುಂದೆ ಬಂದಳು. "ಕೋಟಿಲ್ಲ ಅಂದ್ರೂ ನೀವೇ ಬೈತೀರ, ಇದ್ರೂ ನೀವೇ ಬೈತೀರ. ನಾನೇನು ಚರ್ಮ ಸುಲ್ಕೊಂಡು ಬರ್ಲಾ ಸಾರ್?"

"ಬಾಯ್ಮುಚ್ಚೇ! ನಾಳೆಯಿಂದ ಬರ್ಬೇಡ."

ಅಗಸಗಿತ್ತಿ ತಾನು ತಂದಿದ್ದ ಮ್ಯಾನೇಜರನ ಕೋಟಿನ ಕಾಲರ್ ತಿರುಗಿಸಿ, ವರ್ಷಗಳ ಹಿಂದೆ ತಾನೇ ಹಾಕಿದ್ದ ಗುರುತನ್ನು ಹಲ್ಲಿನಿಂದ ಕಚ್ಚಿ ಎಳೆದಳು. ದಾರ ಸಲೀಸಾಗಿ ಬಂತು. ಕೋಟನ್ನು ಕುರ್ಚಿಗೆ ಹಾಕಿ, ದಾರವನ್ನು ಅವನ ಅಂಗೈಗಿಟ್ಟಳು.

"ಇವತ್ತಿಂದ ನಿಮ್ಮನೆ ನಮ್ಮ ಲೆಕ್ಕಕ್ಕಿಲ್ಲ."

ಆಮೇಲೆ ಗಂಟು ಬಿಚ್ಚಿದಳು. ಹೊಳೆಯುವ ಮೇಜಿನ ಮೇಲೆ ಅವನ ಬೆವರಿನ ಬನಿಯನ್‌ಗಳು, ಹಳದಿಗಟ್ಟಿದ ಚಡ್ಡಿಗಳು ಹರಡಿಬಿದ್ದವು.

"ಏಯ್, ತೆಗಿಯೇ! ಸಭೆಗೆ ದೊಡ್ಡೋರು ಬರ್ತಿದಾರೆ!"

"ಬರ್ಲಿ ಸ್ವಾಮಿ. ನಿಮ್ಮ ಕೊಳೆ ನಾನೊಬ್ಳೇ ನೋಡಿದ್ದು ಸಾಕು."

ಮೆಟ್ಟಿಲ ಮೇಲೆ ಬೂಟುಗಳ ಸದ್ದು ಕೇಳಿಸಿತು. ಮ್ಯಾನೇಜರು ಬಾಗಿ, ನೆಲದ ಮೇಲಿದ್ದ ಕೋಟನ್ನು ಎತ್ತಿ ಹುಡುಗಿಯತ್ತ ಚಾಚಿದ.

"ತಗೋ. ಹೋಗಿ ಕೂತ್ಕೋ. ಇದನ್ನ ತೆಗೀರಿ ಮೊದ್ಲು."

ಅವಳು ಕೈ ಚಾಚಲಿಲ್ಲ. "ಧೂಳಾಗಿದೆ ಸಾರ್."

ಸದ್ದು ಹತ್ತಿರವಾಯಿತು. ಅವನು ಕೋಟನ್ನು ಕೊಡವಿದ. ಕಾಲರ್ ಮೇಲೆದ್ದು, ಕೆಂಪು ಹೂವು ಹೊರಗೇ ಕಾಣುತ್ತಿತ್ತು. ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಒಪ್ಪಿಸಿದ.