ಬಾಗಿಲ ಹಾಡಿನ ಉತ್ತರ

ಕೋಝಿಕ್ಕೋಡಿನ ವಲಿಯಂಗಾಡಿ ಪೇಟೆಯ ಆ ಹಳೇ ಕಟ್ಟಡದಲ್ಲಿ ಕೆಳಗೆ ಅಕ್ಕಿ ಮಂಡಿ, ಮಧ್ಯದಲ್ಲಿ ಶಮೀಮಳ ಕಚೇರಿ, ಮೇಲೆ ಎಲ್ಲರೂ ಇಕ್ಕ, ಅಂದರೆ ಅಣ್ಣ, ಎನ್ನುವ ಅಬೂಬಕ್ಕರ್‌ರ ಹಾಡಿನ ಮಾಳಿಗೆ. ಜನ ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಗಿರಾಕಿಯ ಪುಟವೇ ಮೊದಲು ಕಾಣುವಂತೆ ಮಾಡುವುದು ಶಮೀಮಳ ಕಸುಬು. ಹಗಲೆಲ್ಲ ಆ ಹುಡುಕುವ ಯಂತ್ರದ ಮರ್ಜಿ ಕಾಯ್ದು ತಲೆ ಕೆಟ್ಟವರು ಸಂಜೆ ಮೇಲೆ ಹತ್ತಿ, ಹಾರ್ಮೋನಿಯಂ ಸುತ್ತ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದ ಮೇಲೆಯೇ ಮತ್ತೆ ಮನುಷ್ಯರಾಗುತ್ತಿದ್ದರು. ಅವಳ ಜೊತೆಗಾರ ರತೀಶನಂತೂ ಕಸುಬಿನಲ್ಲಿ ಎಷ್ಟು ಸುಳ್ಳುಗಾರನೋ ತಬಲದಲ್ಲಿ ಅಷ್ಟೇ ಸತ್ಯವಂತ.

ಇಕ್ಕನಿಗೆ ಗಂಟಲಲ್ಲಿ ಗಡ್ಡೆ. ಆಪರೇಷನ್ ಆದ ಮೇಲೆ ಮಾತು ಉಳಿದರೂ ಹಾಡು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಒಂದು ಹಾಡು ಪೂರ್ತಿಯಾಗಬೇಕು, ಅದೊಂದೇ ಅವರ ಆಸೆ. ಅವರ ಕೇರಿಯ ಮದುವೆಗಳಲ್ಲಿ ಗಂಡಿನ ಕಡೆಯ ಗಂಡಸರು ಬಾಗಿಲಲ್ಲಿ ನಿಂತು ಹಾಡಿನಲ್ಲಿ ಕೇಳುತ್ತಿದ್ದರು. ಒಳಗಿನ ಹೆಂಗಸರು ಹಾಡಿನಲ್ಲೇ ಉತ್ತರ ಕೊಟ್ಟ ಮೇಲೆ ಬಾಗಿಲು ತೆಗೆಯುವುದು. ಆ ಉತ್ತರ ಬಲ್ಲ ಇಕ್ಕನ ಅಕ್ಕ ನಫೀಸ ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

"ನಿಮಗ್ಯಾಕೆ ಗೊತ್ತಿಲ್ಲ ಇಕ್ಕಾ?" ಎಂದಳು ಶಮೀಮ.

"ನಮ್ಮ ಪಾಲು ಹಾಡಿ ಮುಗೀತು ಅಂದ್ರೆ ನಮ್ಮ ಕಣ್ಣೆಲ್ಲ ಬಿರಿಯಾನಿ ಹಂಡೆ ಮೇಲೆ, ಮೋಳೇ. ಹೆಂಗಸರು ಏನಂದ್ರು ಅಂತ ಯಾರು ಕೇಳಿಸ್ಕೊಂಡ್ರು?" ಇಕ್ಕನಿಗೆ ಅವಳು ಮೋಳ್, ಮಗಳು.

ಬಲ್ಲವರು ಎಲ್ಲಿಯಾದರೂ ಇದ್ದಾರು ಎಂದು ಶಮೀಮ ಹಾಡಿಗೊಂದು ಪುಟ ಮಾಡಿದಳು. ರತೀಶ ಕೇಳದೆಯೇ ಗುರುವಾದ. "ಹಳೇ ಮದುವೆ ಹಾಡು, ಹಳೇ ಮದುವೆ ಹಾಡು ಅಂತ ಸಾಲುಸಾಲಿಗೂ ತುರುಕು. ಬಿಳಿ ಮೇಲೆ ಬಿಳಿ ಅಕ್ಷರದಲ್ಲೂ ಹಾಕು. ಜನಕ್ಕೆ ಕಾಣಲ್ಲ, ಯಂತ್ರಕ್ಕೆ ಕಾಣತ್ತೆ." ಅವಳೂ ತುರುಕಿದಳು. ಪುಟ ಮೇಲೆ ಬರುವುದಿರಲಿ, ಮೋಸ ಹಿಡಿದ ಯಂತ್ರ ಅದನ್ನು ಹುಡುಕಾಟದಿಂದಲೇ ಕಿತ್ತುಹಾಕಿತು. ಅತಿಯಾದರೆ ಅಮೃತವೂ ವಿಷ.

ಇಕ್ಕ ಅದನ್ನು ಓದಿಸಿ ಕೇಳಿ ನಕ್ಕುಬಿಟ್ಟರು. "ಬಾಗಿಲಲ್ಲಿ ನಿಂತು ಹೀಗೆ ಅರಚಿದ್ರೆ ನಮ್ಮಕ್ಕ ಉತ್ತರ ಕೊಡ್ತಿರ್ಲಿಲ್ಲ, ನೀರು ಎರಚ್ತಿದ್ಲು."

ಶಮೀಮಳಿಗೆ ನಾಚಿಕೆಯಾಯಿತು. ಎಲ್ಲ ಅಳಿಸಿ, ಯಾವ ಕೇರಿ, ಯಾರ ಮದುವೆ ಎಂದು ಇಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು. ಗಂಡಸರ ಸಾಲು ಹಾಕಿದಳು: 'ಕಡಲ ದಾಟಿ ಬಂದೆವಮ್ಮಾ, ಬಾಗಿಲ ತೆರೆವರು ಯಾರು?' ಅದರ ಕೆಳಗೆ, ಇಲ್ಲಿ ಹೆಂಗಸರ ಉತ್ತರ ಬರಬೇಕು, ನಮಗೆ ಗೊತ್ತಿಲ್ಲ ಎಂದು ಬರೆದಳು.

"ಗೊತ್ತಿಲ್ಲ ಅಂತ ಒಪ್ಕೊಂಡ ಪುಟ ಎಲ್ಲಾದ್ರೂ ಮೇಲೆ ಬರತ್ತೇನೇ?" ರತೀಶ ಹಣೆ ಚಚ್ಚಿಕೊಂಡ.

ಪುಟ ಮತ್ತೆ ಕಾಣತೊಡಗಿತು, ಆದರೆ ಯಾರೂ ಒಂದಕ್ಷರ ಬರೆದು ಕಳಿಸಲಿಲ್ಲ. ಇಕ್ಕ ಆಸ್ಪತ್ರೆ ಸೇರುವ ಹಿಂದಿನ ದಿನ, ಜನ ಏನು ಹುಡುಕುವಾಗ ಈ ಪುಟ ಕಂಡಿತು ಎಂದು ತೋರಿಸುವ ಪಟ್ಟಿಯನ್ನು ಶಮೀಮ ಸುಮ್ಮನೆ ತೆರೆದು ನೋಡಿದಳು. ಯಾರೋ ಒಂದೇ ಮಾತನ್ನು ಮತ್ತೆ ಮತ್ತೆ ಹುಡುಕಿದ್ದರು: 'ಬಾಗಿಲಿಗೆ ಅಗುಳಿ ಹಾಕಿಲ್ಲವಯ್ಯಾ, ನಮ್ಮ ಹುಡುಗಿ ಮಲಗಿಲ್ಲ.'

ಅವಳ ಪುಟದಲ್ಲಿ ಆ ಸಾಲೇ ಇರಲಿಲ್ಲ. ಎಲ್ಲೋ ಒಬ್ಬರ ಬಳಿ ಉತ್ತರ ಮಾತ್ರ ಉಳಿದಿತ್ತು, ಪ್ರಶ್ನೆ ಕಳೆದುಹೋಗಿತ್ತು. ಅವರೂ ಇವರನ್ನೇ ಹುಡುಕುತ್ತಿದ್ದರು. ಯಾರು, ಯಾವ ಊರು, ಯಂತ್ರ ಹೇಳುವುದಿಲ್ಲ. ಇಷ್ಟು ವರ್ಷ ತಾನು ಯಾಮಾರಿಸಲು ನೋಡಿದ ಆ ಹುಡುಕಾಟದ ಪುಟ್ಟ ಪೆಟ್ಟಿಗೆಯ ಎದುರು ಜನ ಇಂಥದ್ದನ್ನೆಲ್ಲ ಹೊತ್ತು ಬಂದು ನಿಲ್ಲುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ. "ಸುಬ್‌ಹಾನಲ್ಲಾಹ್" ಎಂದು ತಾನಾಗಿ ಬಾಯಿಗೆ ಬಂತು.

ಅವಳು ಮಾಳಿಗೆಗೆ ಓಡಿದಳು. "ಇಕ್ಕಾ, ನಿಮ್ಮ ಪಾಲು ಹಾಡಿ."

ಇಕ್ಕ ಒಡೆದ ದನಿಯಲ್ಲಿ ಹಾಡಿದರು. ಸಾಲು ಮುಗಿದಲ್ಲಿ ಯಾವಾಗಿನಂತೆ ನಿಲ್ಲಿಸಿದರು. ಹುಟ್ಟಿದಾರಭ್ಯ ಹಾಡದ ಶಮೀಮ ಬಂದ ರಾಗದಲ್ಲಿ ಉತ್ತರ ಹಾಡಿದಳು. ರತೀಶನ ಕೈ ತಬಲದ ಮೇಲೆ ಹಾಗೇ ನಿಂತಿತು. ಇಕ್ಕ ಕಣ್ಣು ಮುಚ್ಚಿಕೊಂಡರು.

"ಮಾತು ಅದೇ. ರಾಗ ತಪ್ಪು, ಮೋಳೇ," ಎಂದರು. "ಅಲ್ಲಿ ನಮ್ಮಕ್ಕ ಕೆಳಗಿಳೀತಿದ್ಲು."

ಇಳಿದು ತೋರಿಸಿದರು. ಕೇಳಿಸಿಕೊಂಡೇ ಇಲ್ಲವೆಂದು ಅವರು ಅಂದುಕೊಂಡಿದ್ದ ರಾಗ, ಆ ಮಾತು ಸೋಕಿದ್ದೇ ತಡ, ಎದ್ದು ಬಂದಿತ್ತು. ಹೆಂಗಸರ ಸಾಲನ್ನು ಅವರು ಅಕ್ಕನ ಹಾಗೆಯೇ ಕೊನೆಯವರೆಗೆ ಹಾಡಿದರು. ಆ ಮಾತು ಎಲ್ಲಿ ಸಿಕ್ಕಿತೆಂದು ಶಮೀಮ ಹೇಳಿದ ಮೇಲೆ ಕಣ್ಣೊರೆಸಿಕೊಂಡು ಬೆಚ್ಚಗಿನ ನೀರು ಕೇಳಿದರು.

"ಫೋನ್ ಹತ್ರ ಹಿಡಿ. ಎರಡೂ ಪಾಲು ಹಾಡ್ತೀನಿ, ಇವತ್ತೇ ಪುಟಕ್ಕೆ ಹಾಕು. ಪಾಪ, ಅಲ್ಲಿ ಯಾರೋ ಕಾಯ್ತಾ ಇದಾರೆ."